ಅಂಕಿಯಲ್ಲಿರುವ ಮೇಷ್ಟ್ರು, ತರಗತಿಯಲ್ಲಿರುವ ಮೇಷ್ಟ್ರು

ವಿಧಾನಮಂಡಲದ ಅಧಿವೇಶನ ಆರಂಭವಾಯಿತೆಂದರೆ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ಸರ್ಕಾರಿ ಇಲಾಖೆಗಳಲ್ಲಿ ಖಾಲಿ ಇರುವ ಹುದ್ದೆಗಳೆಷ್ಟು? ಸಚಿವರು ಎದ್ದು ನಿಂತು, ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ಓದುತ್ತಾರೆ. ಈಚಿನ ವರ್ಷಗಳಲ್ಲಿ ಆ ಉತ್ತರದ ತಿರುಳು ಇಷ್ಟು: ಮಂಜೂರಾದ ಏಳೂವರೆ ಲಕ್ಷಕ್ಕೂ ಮಿಕ್ಕ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಮರುದಿನದ ಪತ್ರಿಕೆಗಳು ಅದನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕುತ್ತವೆ. ಪ್ರತಿಪಕ್ಷದವರು ಕೂಗಾಡುತ್ತಾರೆ, ಆಡಳಿತ ಪಕ್ಷದವರು ಹಿಂದಿನವರ ಕಡೆಗೆ ಬೆರಳು ತೋರಿಸುತ್ತಾರೆ. ಆದರೆ ಈ ಅಂಕಿ ಹುಟ್ಟಿದ್ದೆಲ್ಲಿ, ಎಣಿಸಿದವರು ಯಾರು, ಎಣಿಸಿದ್ದನ್ನು ಹೊರಗಿನವರೊಬ್ಬರು ತಾಳೆ ನೋಡಿದ್ದಾರೆಯೆ ಎಂದು ಕೇಳುವವರು ಮಾತ್ರ ಬಹಳ ವಿರಳ.

ಕೇಳುವ ಆ ವಿರಳ ಜನರ ಪರವಾಗಿ ಇಂದು ಒಂದಿಷ್ಟು ಬರೆಯಬೇಕೆನಿಸಿದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವವರು, ಇಲಾಖೆಯ ಪಟ್ಟಿಯನ್ನು ಹಿಡಿದು ಊರೂರಿಗೆ ಹೋಗಿ ನೋಡಿಬರುವವರು, ಒಂದು ವರದಿಯ ಅಂಕಿಯನ್ನು ಇನ್ನೊಂದು ವರದಿಯ ಅಂಕಿಯೊಡನೆ ಹೋಲಿಸಿ ವ್ಯತ್ಯಾಸವನ್ನು ಎತ್ತಿ ತೋರಿಸುವವರು, ಇವರನ್ನೆಲ್ಲ ಕಂಡರೆ ನಮ್ಮ ಕಚೇರಿಗಳಿಗೆ ಆಗದು. ‘ಕೆಲಸವಿಲ್ಲದವರು’ ಎಂದು ಮೂಗು ಮುರಿಯುತ್ತಾರೆ. ಸರ್ಕಾರಿ ನೌಕರರ ಸಂಖ್ಯೆಯೆಂಬುದು ಹೆಸರು ಹೆಸರಾಗಿ, ಊರು ಊರಾಗಿ ತಾಳೆಯಾಗುವವರೆಗೆ ನಂಬತಕ್ಕ ಸಂಖ್ಯೆಯಲ್ಲ. ಅದನ್ನು ತಾಳೆ ನೋಡುವುದು ಪ್ರಜೆಯ ಹಕ್ಕು ಮಾತ್ರವಲ್ಲ, ಕರ್ತವ್ಯ. ಇದು ನನ್ನ ವಾದ. ನಾನು ಸೀಮೆಸುಣ್ಣ ಹಿಡಿದು ಬಾಳಿದವನಾದ್ದರಿಂದ ಉದಾಹರಣೆಗಳನ್ನು ಶಿಕ್ಷಣ ಇಲಾಖೆಯಿಂದಲೇ ಆರಿಸಿಕೊಳ್ಳುತ್ತೇನೆ. ಆಸ್ಪತ್ರೆ, ಪೊಲೀಸ್ ಠಾಣೆ, ಗ್ರಾಮ ಆಡಳಿತದ ವಿಚಾರವನ್ನು ಆಯಾ ಕ್ಷೇತ್ರ ಬಲ್ಲವರು ಬರೆಯಲಿ.

ಮೊದಲಿಗೆ ಶಬ್ದಗಳ ಅರ್ಥ ತಿಳಿಯಬೇಕು. ಇಲಾಖೆಯ ಭಾಷೆಯಲ್ಲಿ ‘ಮಂಜೂರಾದ ಹುದ್ದೆ’ ಎಂದರೆ ಸರ್ಕಾರ ಒಪ್ಪಿಗೆ ಕೊಟ್ಟ ಕುರ್ಚಿ. ‘ಭರ್ತಿಯಾದ ಹುದ್ದೆ’ ಎಂದರೆ ಆ ಕುರ್ಚಿಯ ಹೆಸರಿನಲ್ಲಿ ಸಂಬಳ ಪಡೆಯುವ ಒಬ್ಬ ವ್ಯಕ್ತಿ. ‘ನಿಯೋಜನೆ’ ಎಂದರೆ ಆ ವ್ಯಕ್ತಿ ಒಂದೆಡೆ ಸಂಬಳ ಪಡೆದು ಇನ್ನೊಂದೆಡೆ ದುಡಿಯುವುದು. ‘ಹಾಜರಿ’ ಎಂದರೆ ಈ ದಿನ, ಈ ಗಳಿಗೆಯಲ್ಲಿ, ಮಕ್ಕಳ ಎದುರು ನಿಂತಿರುವ ಮನುಷ್ಯ. ಈ ನಾಲ್ಕೂ ಬೇರೆ ಬೇರೆ ಸಂಖ್ಯೆಗಳು. ಮಗುವಿಗೆ ಬೇಕಾದದ್ದು ನಾಲ್ಕನೆಯದು. ಸದನದಲ್ಲಿ ಓದಲ್ಪಡುವುದು ಮೊದಲಿನ ಎರಡು.

ನಾನು ಸೇವೆಯಲ್ಲಿದ್ದಾಗಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಒಂದರಿಂದ ಏಳರವರೆಗೆ ತರಗತಿಗಳು, ಮಂಜೂರಾದ ಹುದ್ದೆಗಳು ಏಳು, ಅವುಗಳಲ್ಲಿ ಎರಡು ಖಾಲಿ. ಉಳಿದ ಐವರಲ್ಲಿ ಒಬ್ಬರು ವರ್ಷಗಟ್ಟಲೆ ತಾಲ್ಲೂಕು ಕೇಂದ್ರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿದ್ದರು. ಮತ್ತೊಬ್ಬ ಸಹೋದ್ಯೋಗಿ ಹೆರಿಗೆ ರಜೆಯಲ್ಲಿದ್ದರು. ಮುಖ್ಯೋಪಾಧ್ಯಾಯರಿಗೆ ವಾರದಲ್ಲಿ ಎರಡು ಮೂರು ದಿನ ಸಭೆ, ತರಬೇತಿ, ಅಕ್ಕಿ ಬೇಳೆಯ ಲೆಕ್ಕ, ಕಟ್ಟಡದ ಬಿಲ್ಲು. ಹೀಗಾಗಿ ಏಳು ತರಗತಿಗಳಿಗೆ ನಾವಿಬ್ಬರೇ. ಒಂದರಿಂದ ನಾಲ್ಕರವರೆಗಿನ ಮಕ್ಕಳನ್ನು ಆ ಅಕ್ಕೋರು ಜಗಲಿಯಲ್ಲಿ ಕೂಡಿಸಿಕೊಳ್ಳುತ್ತಿದ್ದರು. ಐದು, ಆರು, ಏಳನೆಯವರು ನನ್ನ ಕೋಣೆಯಲ್ಲಿ. ಐದನೆಯವರಿಗೆ ಭಿನ್ನರಾಶಿ ಹಾಕಿಕೊಟ್ಟು, ಆರನೆಯವರಿಗೆ ಉಕ್ತಲೇಖನ ಬರೆಸಿ, ಏಳನೆಯವರ ಕಡೆ ತಿರುಗುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ತಿಂಗಳ ಕೊನೆಗೆ ಹೋಗುತ್ತಿದ್ದ ತಃಖ್ತೆಯಲ್ಲಿ ಮಾತ್ರ ‘ಕಾರ್ಯನಿರತ ಶಿಕ್ಷಕರು: 5’ ಎಂದಿರುತ್ತಿತ್ತು.

ಗಮನಿಸಿ, ಆ ತಃಖ್ತೆಯಲ್ಲಿ ಯಾರೂ ಸುಳ್ಳು ಬರೆದಿರಲಿಲ್ಲ. ಪ್ರತಿಯೊಂದು ಕಲಮೂ ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಆದರೂ ಇಡೀ ಕಾಗದ ಸುಳ್ಳು ಹೇಳುತ್ತಿತ್ತು. ಅಂಥ ಸಾವಿರಾರು ಕಾಗದಗಳನ್ನು ಕೂಡಿಸಿ ಜಿಲ್ಲೆಯ ಅಂಕಿ, ಜಿಲ್ಲೆಗಳನ್ನು ಕೂಡಿಸಿ ರಾಜ್ಯದ ಅಂಕಿ. ಬುಡದಲ್ಲಿ ತಪ್ಪಿದ ಲೆಕ್ಕ ಮೇಲೆ ಹೋದಂತೆ ಸರಿಯಾಗುವುದಿಲ್ಲವೆಂಬುದು ನಾಲ್ಕನೆಯ ತರಗತಿಯ ಮಗುವಿಗೂ ಗೊತ್ತು.

ಈಗ ದೇಶದ ಅಂಕಿಗಳಿಗೆ ಬರೋಣ. ಶಾಲೆಗಳ ಮಾಹಿತಿಯನ್ನು ಸಂಗ್ರಹಿಸುವ ಯೂಡೈಸ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ವ್ಯವಸ್ಥೆಯ 2024-25ರ ವರದಿ ದೇಶದಲ್ಲಿ ಶಿಕ್ಷಕರ ಸಂಖ್ಯೆ ಒಂದು ಕೋಟಿ ದಾಟಿತೆಂದು ಹೆಮ್ಮೆಯಿಂದ ಹೇಳಿತು. ಬುನಾದಿ ಹಂತದಲ್ಲಿ 10 ಮಕ್ಕಳಿಗೊಬ್ಬ ಶಿಕ್ಷಕ, ಮುಂದಿನ ಪೂರ್ವಸಿದ್ಧತಾ ಹಂತದಲ್ಲಿ 13ಕ್ಕೊಬ್ಬ, ಮಧ್ಯಮ ಹಂತದಲ್ಲಿ 17ಕ್ಕೊಬ್ಬ, ಪ್ರೌಢ ಹಂತದಲ್ಲಿ 21ಕ್ಕೊಬ್ಬ. ಶ್ರೀಮಂತ ದೇಶಗಳೂ ಮೆಚ್ಚತಕ್ಕ ಪ್ರಮಾಣ! ಅದೇ ವರದಿಯನ್ನು ಇನ್ನಷ್ಟು ತಿರುವಿ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ದೇಶದಲ್ಲಿ ಒಬ್ಬನೇ ಶಿಕ್ಷಕನಿರುವ ಶಾಲೆಗಳು 1,04,125. ಒಂದು ಮಗುವೂ ದಾಖಲಾಗದ ಶಾಲೆಗಳು 7,993. ಅವುಗಳಲ್ಲಿ ಇರುವ ಶಿಕ್ಷಕರು 20,817. ಎಂದರೆ ಮಕ್ಕಳೇ ಇಲ್ಲದ ಶಾಲೆಗೆ ಸರಾಸರಿ ಎರಡೂವರೆ ಮೇಷ್ಟ್ರು, ಮಕ್ಕಳಿರುವ ಲಕ್ಷ ಶಾಲೆಗಳಿಗೆ ಒಬ್ಬೊಬ್ಬರೇ ಮೇಷ್ಟ್ರು. ಸರಾಸರಿ ಆಳವನ್ನು ಲೆಕ್ಕ ಹಾಕಿ, ಧೈರ್ಯದಿಂದ ಸಂಸಾರವನ್ನೆಲ್ಲ ಹೊಳೆಗೆ ಇಳಿಸಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಲೆಕ್ಕಿಗನ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿ ನಗಿಸಿದವರೇ. ಆ ಲೆಕ್ಕಿಗನನ್ನು ಇಲಾಖೆಯಲ್ಲಿ ಕೂರಿಸಿದರೆ ನಗು ಬಾರದು.

ಇಷ್ಟಕ್ಕೂ ಕಾನೂನು ಏನೆನ್ನುತ್ತದೆ? 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಮಕ್ಕಳು ಹತ್ತೇ ಇದ್ದರೂ ಇಬ್ಬರು. ಅದೇ ಕಾಯ್ದೆಯ 26ನೆಯ ಸೆಕ್ಷನ್ನು ಸರ್ಕಾರಿ ಶಾಲೆಯೊಂದರ ಖಾಲಿ ಹುದ್ದೆಗಳು ಮಂಜೂರಾದವುಗಳ ಶೇಕಡಾ 10ನ್ನು ಮೀರಕೂಡದೆಂದು ವಿಧಿಸುತ್ತದೆ. ಅಲ್ಲಿರುವ ಪದ ‘ಶಾಲೆ’, ರಾಜ್ಯವಲ್ಲ, ಜಿಲ್ಲೆಯಲ್ಲ. ಕಾನೂನು ಮಾಡಿದವರು ಸರಾಸರಿಯ ಮೋಸವನ್ನು ಬಲ್ಲವರಾಗಿದ್ದರು. ಇದಕ್ಕೂ ಮುಂಚೆ, 1987ರಲ್ಲಿ, ಏಕೋಪಾಧ್ಯಾಯ ಶಾಲೆಗಳಿಗೆ ಎರಡನೆಯ ಶಿಕ್ಷಕರನ್ನು ಕೊಡುವುದಾಗಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಹೊರಟಿತ್ತು. ಆಗ ಒಂದನೆಯ ತರಗತಿಗೆ ಸೇರಿದ ಮಗುವಿಗೆ ಈಗ ನಲವತ್ತು ದಾಟಿದೆ. ಎರಡನೆಯ ಮೇಷ್ಟ್ರು ಲಕ್ಷ ಶಾಲೆಗಳಿಗೆ ಇನ್ನೂ ಬಂದಿಲ್ಲ.

ಖಾಲಿ ಹುದ್ದೆಗಳ ಅಂಕಿಯನ್ನು ಇಳಿಸಲು ಶಿಕ್ಷಕರನ್ನು ನೇಮಿಸುವುದೊಂದೇ ದಾರಿಯಲ್ಲ ಎಂಬುದನ್ನೂ ಓದುಗರು ತಿಳಿದಿರಬೇಕು. ಮೊದಲನೆಯ ದಾರಿ, ಹುದ್ದೆಯನ್ನೇ ರದ್ದು ಮಾಡುವುದು ಅಥವಾ ‘ಹೆಚ್ಚುವರಿ’ ಎಂದು ಬೇರೆಡೆಗೆ ಸಾಗಿಸುವುದು. ಆಗ ಮಂಜೂರಾತಿಯೇ ತಗ್ಗುವುದರಿಂದ ಕೊರತೆಯ ಶೇಕಡಾವಾರು ತಾನಾಗಿ ತಗ್ಗುತ್ತದೆ. ಎರಡನೆಯದು, ಅತಿಥಿ ಶಿಕ್ಷಕರನ್ನು ತಂದು ‘ಬೋಧನೆಗೆ ಕೊರತೆಯಿಲ್ಲ’ ಎನ್ನುವುದು. ಪಾಪ, ಆ ಯುವಕ ಯುವತಿಯರ ಮೇಲೆ ನನಗೆ ಅಸಮಾಧಾನವಿಲ್ಲ. ಕಾಯಂ ಶಿಕ್ಷಕರ ವೇತನದ ಒಂದು ಸಣ್ಣ ಭಾಗಕ್ಕೆ, ಅದೂ ತಡವಾಗಿ ಕೈಸೇರುವ ಗೌರವಧನಕ್ಕೆ ಅವರು ದುಡಿಯುತ್ತಾರೆ. ಶಾಲೆ ಜೂನ್ ಹತ್ತಿರಕ್ಕೆ ತೆರೆದರೆ ಅವರ ನೇಮಕದ ಆದೇಶ ಬರುವಷ್ಟರಲ್ಲಿ ಎಷ್ಟು ಪಾಠಗಳು ಹಿಂದೆ ಬಿದ್ದಿರುತ್ತವೆ ಎಂಬುದು ಪೋಷಕರಿಗೆ ಗೊತ್ತು, ವರದಿಗೆ ಗೊತ್ತಿಲ್ಲ. ಮೂರನೆಯ ದಾರಿ ಘೋಷಣೆ. 2022ರಲ್ಲಿ ನಮ್ಮ ರಾಜ್ಯ ಆರರಿಂದ ಎಂಟನೆಯ ತರಗತಿಗಳಿಗಾಗಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಅಧಿಸೂಚನೆ ಹೊರಡಿಸಿತು. ಪರೀಕ್ಷೆ ಮುಗಿದು ಆಯ್ಕೆ ಪಟ್ಟಿಗೆ ಬಂದವರು ಹದಿಮೂರು ಸಾವಿರದ ಆಸುಪಾಸು. ವಿಷಯ ನ್ಯಾಯಾಲಯದ ಮೆಟ್ಟಿಲೇರಿ, ಅವರಲ್ಲಿ ಹೆಚ್ಚಿನವರು ಶಾಲೆಗಳ ಬಾಗಿಲು ತಲಪಿದ್ದು 2023ರಲ್ಲಿ. ಆದರೆ ಭಾಷಣಗಳಲ್ಲಿ ‘ಹದಿನೈದು ಸಾವಿರ’ ಎಂಬ ಅಂಕಿ ಮೊದಲ ದಿನದಿಂದಲೇ ದುಡಿಯುತ್ತಿತ್ತು.

ಹಾಜರಿ ಇರುವವರ ಸಮಯವೂ ಮಕ್ಕಳಿಗೆ ಸಲ್ಲುತ್ತದೆಂಬ ಭರವಸೆಯಿಲ್ಲ. ಕಾಯ್ದೆಯ 27ನೆಯ ಸೆಕ್ಷನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಕಳಿಸಕೂಡದೆನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆ ಮನೆ ತಿರುಗಿದವರಲ್ಲಿ ಬಹುಪಾಲು ಶಿಕ್ಷಕರು. ಅವಧಿಯಲ್ಲಿ ಕೆಲಸ ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ, ಅದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಖಾಸಗಿ ಶಾಲೆಯ ಮಗು ಪಾಠ ಕೇಳುತ್ತಿದ್ದ ಆ ದಿನಗಳಲ್ಲಿ ಸರ್ಕಾರಿ ಶಾಲೆಯ ಮಗು ಕಳೆದುಕೊಂಡದ್ದು ಯಾವ ವರದಿಯ ಯಾವ ಕಲಮಿನಲ್ಲಿ ದಾಖಲಾಯಿತು?

ಇಷ್ಟೆಲ್ಲ ಇರುವಾಗ, ಹೊರಗಿನವರು ಬಂದು ಎಣಿಸಿ ನೋಡುತ್ತೇವೆಂದರೆ ಕೋಪವೇಕೆ ಬರಬೇಕು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಏಕೆ?

ಎಣಿಸಿ ನೋಡುವ ಈ ಪರಂಪರೆ ನಮಗೆ ಹೊಸದಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಜನಸುನವಾಯಿ ನಡೆಸಿದರು. ಸರ್ಕಾರಿ ಕಾಮಗಾರಿಗಳ ಮಸ್ಟರ್ ರೋಲಿನಲ್ಲಿದ್ದ ಕೂಲಿಕಾರರ ಹೆಸರುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ಆ ಕೆಲಸಕ್ಕೆ ಎಂದೂ ಹೋಗದವರ ಹೆಸರಿನಲ್ಲಿಯೂ ಕೂಲಿ ಬಟವಾಡೆಯಾದದ್ದು ಊರವರ ಬಾಯಿಂದಲೇ ಹೊರಬಿತ್ತು. ಆ ಲೆಕ್ಕವನ್ನು ಯಾವ ಲೆಕ್ಕಪರಿಶೋಧಕನೂ ಕಚೇರಿಯಲ್ಲಿ ಕುಳಿತು ಹಿಡಿಯಲಾರನು. ಊರಿನ ಹೆಸರುಗಳನ್ನು ಊರೇ ಬಲ್ಲದು. ಆ ಹೋರಾಟವೇ ಬೆಳೆದು ದೇಶಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಬಂದಿತು. ನಮ್ಮ ಕರ್ನಾಟಕವಂತೂ 2000ದಲ್ಲಿಯೇ ತನ್ನದೊಂದು ಕಾಯ್ದೆ ಮಾಡಿದ್ದ ರಾಜ್ಯ. ಆ ಕೀರ್ತಿಯನ್ನು ಹೇಳಿಕೊಳ್ಳುವವರು ಅರ್ಜಿ ಹಿಡಿದು ಬಂದವನನ್ನು ಕಂಡು ಸಿಡುಕಬಾರದು.

ಹೆಸರುಗಳನ್ನು ಕೇಳುವುದು ಅಧಿಕಪ್ರಸಂಗವೆಂದು ಹೇಳುವವರಿದ್ದಾರೆ. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ನಿನಲ್ಲಿಯೇ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿ ಮತ್ತು ನೌಕರರ ಪಟ್ಟಿಯನ್ನು, ಪ್ರತಿಯೊಬ್ಬರ ಮಾಸಿಕ ವೇತನವನ್ನು, ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕೆಂದಿದೆ. 2023ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯು ಮಾಹಿತಿ ಹಕ್ಕಿನ 8ನೆಯ ಸೆಕ್ಷನ್ನಿಗೆ ತಿದ್ದುಪಡಿ ತಂದು ಬಾಗಿಲನ್ನು ಕಿರಿದು ಮಾಡಿದೆ, ನಿಜ. ಆದರೆ 4ನೆಯ ಸೆಕ್ಷನ್ನಿನ ಈ ಕಟ್ಟಳೆಯನ್ನು ಅದು ಅಳಿಸಿಲ್ಲ. ಒಬ್ಬ ಶಿಕ್ಷಕಿ ಏಕೆ ರಜೆ ಹಾಕಿದರು, ಅವರ ಕಾಯಿಲೆಯೇನು ಎಂಬುದು ಊರಿಗೆ ಬೇಡದ ವಿಷಯ. ಆ ಹುದ್ದೆಯಲ್ಲಿ ಇಂದು ಪಾಠ ಮಾಡುವವರಿದ್ದಾರೆಯೇ ಎಂಬುದು ಊರಿಗೆ ಬೇಕಾದ ವಿಷಯ. ಈ ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ.

ಮಕ್ಕಳ ಲೆಕ್ಕ ತಪ್ಪಿದರೆ ಮೇಷ್ಟ್ರ ಲೆಕ್ಕವೂ ತಪ್ಪುತ್ತದೆ, ಏಕೆಂದರೆ ಹುದ್ದೆ ಮಂಜೂರಾಗುವುದು ದಾಖಲಾತಿಯ ಮೇಲೆ. ನೆರೆಯ ಮಹಾರಾಷ್ಟ್ರದಲ್ಲಿ 2011ರ ಅಕ್ಟೋಬರ್ 3ರಿಂದ 5ರವರೆಗೆ ಸರ್ಕಾರವೇ ಮಕ್ಕಳ ಬೆರಳಿಗೆ ಶಾಯಿ ಹಚ್ಚಿ ರಾಜ್ಯದಾದ್ಯಂತ ಎಣಿಸಿತು. ಪುಸ್ತಕದಲ್ಲಿದ್ದ ಸುಮಾರು 20 ಲಕ್ಷ ಹೆಸರುಗಳಿಗೆ ಮಕ್ಕಳು ಸಿಗಲಿಲ್ಲವೆಂದು ವರದಿಯಾಯಿತು. ಕೆಲವರು ಆ ದಿನ ನಿಜವಾಗಿಯೂ ಬಾರದಿದ್ದಿರಬಹುದು. ಆದರೆ ಅಷ್ಟು ವರ್ಷ ಪ್ರತಿ ತಿಂಗಳೂ ಸಹಿಯಾಗಿ ಮೇಲೆ ಹೋದ ಕಾಗದಗಳು ಎಂಥವೆಂಬುದು ಮೂರು ದಿನಗಳಲ್ಲಿ ಬಯಲಾಯಿತಲ್ಲ! ಪುಸ್ತಕದ ಬದನೆಕಾಯಿಯಿಂದ ಸಾರು ಆಗುವುದಿಲ್ಲ.

ಇನ್ನು, ತಾಳೆ ನೋಡುವವರಿಗೂ ಎರಡು ಮಾತು ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. 2003ರಲ್ಲಿ ವಿಶ್ವಬ್ಯಾಂಕಿನ ನೆರವಿನ ತಂಡವೊಂದು ದೇಶದ ಸುಮಾರು 3,700 ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ, ನೂರಕ್ಕೆ 25 ಮಂದಿ ಶಿಕ್ಷಕರು ಶಾಲೆಯಲ್ಲಿರಲಿಲ್ಲ ಎಂದು ವರದಿ ಮಾಡಿತು. ಆ 25 ಎಂಬ ಅಂಕಿ ವರ್ಷಗಟ್ಟಲೆ ನಮ್ಮ ಜಾತಿಯವರ ಬೆನ್ನಿಗೆ ಚಾಟಿಯಾಯಿತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ‘ನಿಮ್ಮವರು ಶಾಲೆಗೇ ಹೋಗುವುದಿಲ್ಲವಂತೆ ಮೇಷ್ಟ್ರೇ’ ಎಂದು ಕೇಳಿಸಿಕೊಳ್ಳದ ಶಿಕ್ಷಕನಿಲ್ಲ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ವಿಚಾರಿಸಿದಾಗ, ಶಾಲೆಯಲ್ಲಿ ಇಲ್ಲದವರು ನೂರಕ್ಕೆ ಹದಿನೆಂಟೂವರೆ ಮಂದಿ ಎಂದು ಕಂಡಿತು. ಆದರೆ ಅವರಲ್ಲಿ ಬಹುಪಾಲು ಮಂದಿ ನಿಯಮದಂತೆ ರಜೆಯಲ್ಲಿದ್ದವರು ಅಥವಾ ಇಲಾಖೆಯೇ ತರಬೇತಿಗೆ, ಇತರ ಕೆಲಸಕ್ಕೆ ಕಳಿಸಿದವರು. ಕಾರಣವಿಲ್ಲದೆ ತಪ್ಪಿಸಿಕೊಂಡವರು ಎರಡೂವರೆ ಮಾತ್ರ. ‘ಇಲ್ಲ’ ಎಂಬ ಒಂದೇ ಶಬ್ದದಲ್ಲಿ ಕಳ್ಳನೂ ಇದ್ದಾನೆ, ಕಾಯಿಲೆಯವನೂ ಇದ್ದಾನೆ, ಸರ್ಕಾರವೇ ಎಳೆದೊಯ್ದವನೂ ಇದ್ದಾನೆ. ಎಣಿಸುವವನು ಇವರನ್ನು ಬೇರೆ ಬೇರೆ ಕಲಮಿನಲ್ಲಿ ಬರೆಯಬೇಕು. ಹಾಗೆ ಬರೆಯದವನ ಲೆಕ್ಕ ಇಲಾಖೆಯ ಲೆಕ್ಕಕ್ಕಿಂತ ಮೇಲಲ್ಲ.

ನನ್ನ ಹಳೆಯ ಸಹೋದ್ಯೋಗಿಗಳು ಕೆಲವರು ಇಂಥ ಎಣಿಕೆಯೆಲ್ಲ ಶಿಕ್ಷಕರಿಗೆ ಅವಮಾನವೆನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ನಿಜವಾದ ಲೆಕ್ಕದಿಂದ ಮೊದಲು ಉಳಿಯುವವನು ಇಬ್ಬರು ಮೂವರ ಹೊರೆ ಹೊತ್ತು ದುಡಿಯುವ ಶಿಕ್ಷಕ. ಫಲಿತಾಂಶ ಕುಸಿದಾಗ ನೋಟಿಸು ಬರುವುದು ಅವನಿಗೆ, ಕಚೇರಿಯಲ್ಲಿ ನಿಯೋಜನೆಯಲ್ಲಿರುವವನಿಗಲ್ಲ. ‘ಐವರಿದ್ದೂ ಮಕ್ಕಳಿಗೆ ಓದಲು ಬರುವುದಿಲ್ಲವೇ?’ ಎಂದು ಊರವರು ಬೈಯುವುದು ಅವನನ್ನು. ಐವರಿಲ್ಲ, ಇಬ್ಬರೇ ಇದ್ದೇವೆ ಎಂದು ದಾಖಲೆ ಸಮೇತ ಹೇಳಲು ಅವನಿಗೆ ಅವಕಾಶವಿಲ್ಲ, ಏಕೆಂದರೆ ಇಲಾಖೆಯ ವಿರುದ್ಧ ಬಾಯಿ ತೆರೆದರೆ ಶಿಸ್ತುಕ್ರಮ. ಅವನ ಪರವಾಗಿ ಆ ಮಾತನ್ನು ಹೊರಗಿನವರೇ ಆಡಬೇಕು.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆಯೇನೂ ಬೇಡ. ಪ್ರತಿ ಶಾಲೆಯ ಮುಂದೆಯೂ ಒಂದು ಫಲಕವಿರಲಿ. ಅದರಲ್ಲಿ ಐದು ಸಾಲುಗಳು: ಮಂಜೂರಾದ ಹುದ್ದೆಗಳು, ಈ ಶಾಲೆಯ ಹೆಸರಿನಲ್ಲಿ ವೇತನ ಪಡೆಯುವವರು, ಅವರಲ್ಲಿ ಬೇರೆಡೆ ನಿಯೋಜನೆಗೊಂಡವರು ಮತ್ತು ಹೋದ ತಾರೀಕು, ಅತಿಥಿ ಶಿಕ್ಷಕರು, ಇಂದು ತರಗತಿಯಲ್ಲಿರುವವರು. ಕೊನೆಯ ಸಾಲನ್ನು ದಿನವೂ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸೀಮೆಸುಣ್ಣದಲ್ಲಿ ತಿದ್ದಿದರಾಯಿತು. ನೌಕರರ ಸಂಬಳವೆಲ್ಲ ಎಚ್‌ಆರ್‌ಎಂಎಸ್ ಎಂಬ ಗಣಕ ವ್ಯವಸ್ಥೆಯ ಮೂಲಕವೇ ಆಗುತ್ತಿರುವಾಗ, ಯಾರ ಸಂಬಳ ಯಾವ ಶಾಲೆಯ ಹೆಸರಿನಲ್ಲಿದೆ ಎಂಬುದು ಇಲಾಖೆಗೆ ತಿಳಿಯದ ವಿಷಯವೇನಲ್ಲ. ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಗಟ್ಟಿಯಾಗಿ ಓದಲಿ. ಸದಸ್ಯರಲ್ಲಿ ಹೆಚ್ಚಿನವರು ಆ ಶಾಲೆಯ ಮಕ್ಕಳ ತಂದೆತಾಯಿಗಳೇ. ಯಾರನ್ನು ಕಂಡಿದ್ದೇವೆ, ಯಾರನ್ನು ಕಂಡಿಲ್ಲ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಬಲ್ಲರು.

ಇಲಾಖೆ ಇದನ್ನು ತಾನಾಗಿ ಮಾಡುತ್ತದೆಂದು ಕಾಯುತ್ತ ಕೂಡಬೇಕಾಗಿಲ್ಲ. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಡಿ. ‘ತಾಲ್ಲೂಕಿನಲ್ಲಿ ಎಷ್ಟು ಶಿಕ್ಷಕರಿದ್ದಾರೆ’ ಎಂದು ಕೇಳಬೇಡಿ, ಒಂದು ಅಂಕಿ ಬರೆದು ಕೈತೊಳೆದುಕೊಳ್ಳುತ್ತಾರೆ. ನಿಮ್ಮೂರಿನ ಶಾಲೆಯ ಹೆಸರು ಬರೆದು, ಆ ಶಾಲೆಯ ಮಂಜೂರಾತಿ ಆದೇಶ, ಕಳೆದ ತಿಂಗಳ ವೇತನ ಪಟ್ಟಿಯಲ್ಲಿರುವ ಹೆಸರುಗಳು, ನಿಯೋಜನೆಯ ಆದೇಶಗಳ ನಕಲು, ಇವಿಷ್ಟನ್ನು ಕೇಳಿ. ಉತ್ತರಕ್ಕೆ ಕಾಯ್ದೆ ಕೊಟ್ಟ ಗಡುವು ಮೂವತ್ತು ದಿನ. ಉತ್ತರ ಬಂದ ಮೇಲೆ ಶಾಲೆಗೆ ಹೋಗಿ, ಮೇಷ್ಟ್ರಿಗೆ ನಮಸ್ಕಾರ ಹೇಳಿ, ಜಗಳಕ್ಕಲ್ಲ ಬಂದದ್ದೆಂದು ತಿಳಿಸಿ, ಹೆಸರುಗಳನ್ನು ತಾಳೆ ನೋಡಿ. ವ್ಯತ್ಯಾಸವಿದ್ದರೆ ಗ್ರಾಮಸಭೆಯಲ್ಲಿ ಓದಿ ಹೇಳಿ, ನಡವಳಿಯಲ್ಲಿ ಬರೆಸಿ. ತಾಳೆಯಾದರೆ ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಿ, ಸರಿಯಿರುವುದನ್ನು ಸರಿಯೆನ್ನುವುದೂ ಲೆಕ್ಕದ ಧರ್ಮವೇ.

ನಿವೃತ್ತರಾದ ನನ್ನ ಸಹೋದ್ಯೋಗಿಗಳಿಗೆ ವಿಶೇಷ ವಿನಂತಿ. ತಃಖ್ತೆಯ ಯಾವ ಕಲಮಿನಲ್ಲಿ ಏನು ಅಡಗಿರುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ನಮಗೀಗ ವರ್ಗಾವಣೆಯ ಭಯವಿಲ್ಲ, ನೋಟಿಸಿನ ಭಯವಿಲ್ಲ, ಸಮಯಕ್ಕಂತೂ ಬರವಿಲ್ಲ. ತಾಲ್ಲೂಕಿಗೆ ನಾಲ್ಕು ಜನ ಸೇರಿ, ತಲೆಗೆ ಹತ್ತು ಶಾಲೆಯಂತೆ ಹಂಚಿಕೊಂಡರೆ ಒಂದು ಬೇಸಿಗೆಯೊಳಗೆ ಅರ್ಜಿಗಳೆಲ್ಲ ಹೋಗಿರುತ್ತವೆ, ಶಾಲೆ ತೆರೆಯುವ ಹೊತ್ತಿಗೆ ಪಟ್ಟಿ ಕೈಯಲ್ಲಿರುತ್ತದೆ. ಮುಂದಿನ ಅಧಿವೇಶನದಲ್ಲಿ ಸಚಿವರು ಅಂಕಿಯನ್ನು ಓದಿದಾಗ, ‘ನಮ್ಮ ತಾಲ್ಲೂಕಿನ ನಲವತ್ತು ಶಾಲೆಗಳ ಲೆಕ್ಕ ಹೀಗಿದೆ ನೋಡಿ’ ಎಂದು ಶಾಸಕರ ಕೈಗೆ ಒಂದು ಹಾಳೆ ಕೊಡುವಂತಾಗಲಿ.